ಎಚ್-ಇಂಡೆಕ್ಸ್ 38ರ ಗೈಡೋ, 13ರ ಗೈಡೋ? ಸಾವಯವ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿಗೆ ಹೊರಟವಳ ಪ್ರಶ್ನೆ

ಜಮಖಂಡಿಯ ಹುಡುಗಿ

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಸಾವಯವ ರಸಾಯನಶಾಸ್ತ್ರದ ಎಂ.ಎಸ್ಸಿ ಮುಗಿಸಿದ್ದೇನೆ. ಪಿಎಚ್.ಡಿ ಪ್ರವೇಶ ಪರೀಕ್ಷೆಯೂ ಪಾಸಾಗಿದೆ. ಈಗ ಗೈಡ್ ಯಾರು ಎಂಬುದೊಂದೇ ಬಾಕಿ. ಇಬ್ಬರ ಬಳಿ ಸ್ಥಾನ ಖಾಲಿ ಇದೆ. ಹೆಸರು, ಸಂಸ್ಥೆ ಹೇಳುವುದಿಲ್ಲ, ದಯವಿಟ್ಟು ಊಹಿಸಲೂ ಹೋಗಬೇಡಿ.

ಮೊದಲನೆಯವರ ಗೂಗಲ್ ಸ್ಕಾಲರ್ ಪುಟದಲ್ಲಿ 210 ಪ್ರಬಂಧಗಳಿವೆ, ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಅವನ್ನು ಹೆಸರಿಸಿದ ಉಲ್ಲೇಖಗಳು ಐದು ಸಾವಿರ ದಾಟಿವೆ, ಅದರಿಂದ ಲೆಕ್ಕ ಹಾಕುವ ಎಚ್-ಇಂಡೆಕ್ಸ್ 38. ಎರಡನೆಯವರದು 46 ಪ್ರಬಂಧ, ಏಳುನೂರರ ಆಸುಪಾಸಿನ ಉಲ್ಲೇಖ, ಎಚ್-ಇಂಡೆಕ್ಸ್ 13. ಇಬ್ಬರ ಸೇವಾವಧಿ ಹೆಚ್ಚುಕಡಿಮೆ ಒಂದೇ. ಇಬ್ಬರೂ ಹೆಟೆರೋಸೈಕ್ಲಿಕ್ (ಉಂಗುರದಲ್ಲಿ ಇಂಗಾಲದ ಜೊತೆ ಬೇರೆ ಪರಮಾಣುವೂ ಇರುವ) ಸಂಯುಕ್ತಗಳ ಸಂಶ್ಲೇಷಣೆ ಮಾಡುವವರು. ಮನೆಯಲ್ಲಿ ಎಲ್ಲರೂ 38 ಎನ್ನುತ್ತಿದ್ದಾರೆ. ಸೀನಿಯರ್ ಅಕ್ಕ ಒಬ್ಬರು ಮಾತ್ರ ಸಂಖ್ಯೆ ನೋಡಿ ಹೋಗಬೇಡ ಎಂದರು, ಯಾಕೆಂದು ಬಿಡಿಸಿ ಹೇಳಲಿಲ್ಲ. ತಿಳಿದವರು ಹೇಳಿ.

ಲೆಕ್ಕ ಬೇಕೇ ಬೇಕು

38. ಇದರಲ್ಲಿ ಚರ್ಚೆ ಏನಿದೆ? ನಾನು ಆಯ್ಕೆ ಸಮಿತಿಗಳ ಕಡತ ಸಿದ್ಧಪಡಿಸುವ ಕೆಲಸದಲ್ಲಿದ್ದವನು. ಯುಜಿಸಿಯ 2018ರ ನಿಯಮಾವಳಿಯಲ್ಲಿ ಪ್ರಬಂಧಕ್ಕೆ ಅಂಕ ಕೊಡುವುದೇ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ, ಅಂದರೆ ಅದರ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬರುತ್ತದೆ ಎಂದು ನೋಡಿ. ಅದು 2ರಿಂದ 5ರ ನಡುವೆ ಇದ್ದರೆ 20 ಅಂಕ, 10 ದಾಟಿದರೆ 30. ದೊಡ್ಡ ಪತ್ರಿಕೆಗಳಲ್ಲಿ ಬರೆಯುವ ಗೈಡ್ ಹತ್ತಿರ ಸೇರಿದರೆ ನಿನ್ನ ಹೆಸರೂ ಅಲ್ಲಿ ಬರುತ್ತದೆ, ನಾಳೆ ನಿನ್ನ ಕಡತ ದಪ್ಪವಾಗುತ್ತದೆ. ಅಷ್ಟೇ.

ಎಂ.ಎಸ್ಸಿ ಕೊನೆಯ ಬೆಂಚು

ಕಾಲೇಜಿನ ಗೇಟಿನಲ್ಲಿ ಫ್ಲೆಕ್ಸ್ ಯಾರದು ಇದೆ ನೋಡಿ. ಯಾರ ಫೋಟೋ ದೊಡ್ಡದೋ ಅವರೇ ಗೈಡ್.

ಗ್ರಂಥಪಾಲಕಿ, ಬೆಳಗಾವಿ

ತಂಗಿ, ಆಯ್ಕೆಯ ಮಾತು ಆಮೇಲೆ. ಆ 38 ನಿಜವಾಗಿ 38 ಹೌದೋ ಅಲ್ಲವೋ ಮೊದಲು ನೋಡೋಣ.

ಎಚ್-ಇಂಡೆಕ್ಸ್ ಎಂಬುದನ್ನು 2005ರಲ್ಲಿ ಹೊರತಂದವರು ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ. ಲೆಕ್ಕ ಸರಳ. ಪ್ರಬಂಧಗಳನ್ನು ಉಲ್ಲೇಖದ ಇಳಿಕೆಯ ಕ್ರಮದಲ್ಲಿ ಜೋಡಿಸಿ. ಒಬ್ಬರ ಏಳು ಪ್ರಬಂಧಗಳಿಗೆ 50, 30, 12, 9, 7, 5, 3 ಉಲ್ಲೇಖಗಳಿವೆ ಎನ್ನಿ. ಐದನೆಯ ಪ್ರಬಂಧಕ್ಕೆ 7 ಇದೆ, ಅಂದರೆ ಐದಕ್ಕಿಂತ ಕಡಿಮೆ ಇಲ್ಲ. ಆರನೆಯದಕ್ಕೆ 5 ಮಾತ್ರ, ಆರನ್ನು ಮುಟ್ಟಲಿಲ್ಲ. ಹಾಗಾಗಿ ಎಚ್ ಎಂದರೆ 5. ಮೊದಲನೆಯ ಪ್ರಬಂಧದ 50 ನಾಳೆ 5,000 ಆದರೂ ಎಚ್ 5ರಲ್ಲೇ ಕುಳಿತಿರುತ್ತದೆ. ಒಂದೇ ಒಂದು ಅಪೂರ್ವ ಕೆಲಸ ಮಾಡಿದವರನ್ನು ಈ ಲೆಕ್ಕ ಗುರುತಿಸುವುದೇ ಇಲ್ಲ, ಸಾಧಾರಣವಾದದ್ದನ್ನು ಬಿಡದೆ ಬರೆಯುವವರನ್ನು ಚೆನ್ನಾಗಿ ಗುರುತಿಸುತ್ತದೆ. ಇನ್ನೊಂದು ವಿಷಯ: ಇದು ಎಂದೂ ಇಳಿಯುವುದಿಲ್ಲ. ಹತ್ತು ವರ್ಷದಿಂದ ಪ್ರಯೋಗಾಲಯದ ಬಾಗಿಲು ತೆರೆಯದವರದೂ ಏರುತ್ತಲೇ ಇರುತ್ತದೆ.

ಇನ್ನು ನಮ್ಮ ಭಾಗಕ್ಕೇ ಇರುವ ಒಂದು ತೊಡಕು. ಗೂಗಲ್ ಸ್ಕಾಲರ್ ಪ್ರಬಂಧಗಳನ್ನು ಹೆಸರು ನೋಡಿ ತಾನೇ ಸೇರಿಸಿಬಿಡುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಪಾಟೀಲ, ಕುಲಕರ್ಣಿ, ಹಿರೇಮಠ ಎಂಬ ಅಡ್ಡಹೆಸರಿನವರು ಎಷ್ಟು ಜನ! ಒಂದು ಇನಿಷಿಯಲ್ ಮತ್ತು ಪಾಟೀಲ ಎಂದರೆ ರಸಾಯನಶಾಸ್ತ್ರದವರು, ವೈದ್ಯರು, ಕೃಷಿ ವಿಜ್ಞಾನಿ, ಎಂಜಿನಿಯರ್ ಎಲ್ಲರೂ ಒಂದೇ ಪುಟಕ್ಕೆ ಬಂದು ಬೀಳುತ್ತಾರೆ. ಪುಟದ ಒಡೆಯರು ಆಗಾಗ ಕುಳಿತು ಕಳೆ ಕೀಳದಿದ್ದರೆ ಅದು ಹಾಗೆಯೇ ಬೆಳೆಯುತ್ತದೆ. 210 ಪ್ರಬಂಧಗಳ ಶೀರ್ಷಿಕೆಯನ್ನು ಒಂದು ಸಲ ಕೊನೆಯವರೆಗೂ ಓದು.

ಹಾಗೆಯೇ ಸ್ಕೋಪಸ್‌ನಲ್ಲಿ (ಇದೂ ಪ್ರಬಂಧ, ಉಲ್ಲೇಖಗಳನ್ನು ಎಣಿಸುವ ದತ್ತಸಂಚಯ) ಲೇಖಕರ ಹೆಸರು ಹುಡುಕಿ ನೋಡು, ಚಂದಾ ಇಲ್ಲದಿದ್ದರೂ ಅಷ್ಟು ಕಾಣುತ್ತದೆ. ಅಲ್ಲಿ ಸಂಖ್ಯೆ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಗೂಗಲ್ ಸ್ಕಾಲರ್ ಮಹಾಪ್ರಬಂಧ, ಸಮ್ಮೇಳನದ ಸಂಪುಟ ಎಲ್ಲವನ್ನೂ ಎಣಿಸುತ್ತದೆ, ಸ್ಕೋಪಸ್ ತಾನು ಆರಿಸಿದ ಪ್ರಕಟಣೆಗಳನ್ನಷ್ಟೇ. ಆದರೆ ಅಲ್ಲಿ ಬೇರೆ ಬಗೆಯ ಗೋಜಲಿದೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದಾಗ ನಮ್ಮ ಕಡೆಯ ಅನೇಕ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಇತ್ತ ಬಂದವು. 2014ರ ನವೆಂಬರ್ 1ಕ್ಕೆ ಊರುಗಳ ಹೆಸರೇ ಬದಲಾಯಿತು. ಒಬ್ಬರೇ ವ್ಯಕ್ತಿ ಬೆಳಗಾಂ ವಿಳಾಸದಲ್ಲಿ ಒಬ್ಬರು, ಬೆಳಗಾವಿ ವಿಳಾಸದಲ್ಲಿ ಮತ್ತೊಬ್ಬರು ಎಂದು ಎರಡು ಪಾಲಾಗಿರುವುದನ್ನು ನಾನು ಕಣ್ಣಾರೆ ನೋಡಿ ಸೇರಿಸಿಸಿದ್ದೇನೆ. ನಿನ್ನ 13ರವರಿಗೂ ಹಾಗಾಗಿರಬಹುದು. ಅವರಿಗೆ ಸಂಶೋಧಕರನ್ನು ಗುರುತಿಸುವ ಆರ್ಕಿಡ್ (ORCID) ಸಂಖ್ಯೆ ಇದ್ದರೆ ಅಲ್ಲಿಂದ ಶುರು ಮಾಡು.

ಲೆಕ್ಕ ಬೇಕೇ ಬೇಕು

ಮೇಡಂ, ಎಲ್ಲ ಸರಿ. ಆದರೆ ತಪ್ಪು ಸೇರಿಕೊಂಡದ್ದನ್ನು ಕಳೆದರೂ 38 ಎಂಬುದು 13 ಆಗುವುದಿಲ್ಲವಲ್ಲ.

ನಿವೃತ್ತ ಮಾಸ್ತರ

ಆಗುವುದಿಲ್ಲ, ಒಪ್ಪಿದೆ. ಆದರೆ 38 ಹೇಗೆ ಆಯಿತು ಎಂದು ಕೇಳಬೇಕಲ್ಲ ಸಾಹೇಬರೇ. ಮೂವತ್ತು ವರ್ಷ ಈ ಭಾಗದಲ್ಲಿ ಸಾವಯವ ರಸಾಯನಶಾಸ್ತ್ರ ಕಲಿಸಿದ್ದೇನೆ, ಸ್ವಲ್ಪ ಉದ್ದವಾಗಿ ಬರೆಯುವ ಹಕ್ಕಿದೆ ಎಂದುಕೊಳ್ಳುತ್ತೇನೆ.

ಮಗಳೇ, ನೀನು ಎಂ.ಎಸ್ಸಿಯಲ್ಲಿ ಬಿಜಿನೆಲ್ಲಿ ಕ್ರಿಯೆ ಮಾಡಿಯೇ ಇರುತ್ತೀಯೆ. ಬೆಂಜಾಲ್ಡಿಹೈಡ್, ಈಥೈಲ್ ಅಸಿಟೋಅಸಿಟೇಟ್, ಯೂರಿಯಾ ಮೂರನ್ನೂ ಎಥನಾಲ್‌ನಲ್ಲಿ ಹಾಕಿ, ಚೂರು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ರಿಫ್ಲಕ್ಸ್ ಮಾಡಿದರೆ ಡೈಹೈಡ್ರೋಪಿರಿಮಿಡಿನೋನ್ ಬರುತ್ತದೆ. ಇಟಲಿಯ ಪಿಯೆತ್ರೊ ಬಿಜಿನೆಲ್ಲಿ ಇದನ್ನು ಪ್ರಕಟಿಸಿದ್ದು 1891ರಲ್ಲಿ. ಅದಾದ ಮೇಲೆ ದಶಕಗಳ ಕಾಲ ಅದನ್ನು ಮೂಸಿ ನೋಡಿದವರು ಕಡಿಮೆ. ಇಪ್ಪತ್ತನೆಯ ಶತಮಾನದ ಕೊನೆಗೆ ಈ ಉಂಗುರಕ್ಕೆ ಔಷಧೀಯ ಗುಣಗಳಿವೆ ಎಂದು ಗೊತ್ತಾಯಿತು. 1999ರಲ್ಲಿ ಮೊನಾಸ್ಟ್ರೋಲ್ ಎಂಬ ಇದೇ ಜಾತಿಯ ಅಣು ಕೋಶ ವಿಭಜನೆಯನ್ನು ನಡುವೆಯೇ ನಿಲ್ಲಿಸುತ್ತದೆ ಎಂದು ತಿಳಿದಾಗ ಎಲ್ಲರೂ ಅದರ ಹಿಂದೆ ಬಿದ್ದರು. ಬಿಜಿನೆಲ್ಲಿಗೆ ಆಗ ಎಚ್-ಇಂಡೆಕ್ಸ್ ಲೆಕ್ಕ ಹಾಕಿ ಬಡ್ತಿ ಕೊಡಬೇಕಾಗಿದ್ದರೆ ಏನಾಗುತ್ತಿತ್ತು?

ಮುಂದೆ ನಡೆದದ್ದು ನನ್ನ ಮಾತಿಗೆ ಹೆಚ್ಚು ಸಂಬಂಧಪಟ್ಟದ್ದು. ಈ ಕ್ರಿಯೆಗೆ ಬೇಕಾದ ರಾಸಾಯನಿಕಗಳು ಅಗ್ಗ, ಯಾವ ತಾಲ್ಲೂಕಿನ ಕಾಲೇಜಿನ ಕಪಾಟಿನಲ್ಲೂ ಸಿಗುತ್ತವೆ. ಹಾಗಾಗಿ ಪ್ರತಿಯೊಬ್ಬರೂ ಹೊಸ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಒಂದನ್ನು ಹಾಕಿ ನೋಡಿದರು. ಈ ಲೋಹದ ಕ್ಲೋರೈಡ್, ಆ ಲೋಹದ ಟ್ರೈಫ್ಲೇಟ್, ಅಯೋಡಿನ್, ಜೇಡಿಮಣ್ಣು, ನ್ಯಾನೋ ಕಣ, ನಿಂಬೆರಸ. ನಿಂಬೆರಸದ ಮಾತು ತಮಾಷೆಯಲ್ಲ. ಒಂದೊಂದಕ್ಕೂ ಒಂದೊಂದು ಪ್ರಬಂಧ. ಪ್ರತಿ ಪ್ರಬಂಧದ ಪೀಠಿಕೆಯಲ್ಲೂ "ಈ ಕ್ರಿಯೆಗೆ ಹಲವು ಕ್ಯಾಟಲಿಸ್ಟ್‌ಗಳು ವರದಿಯಾಗಿವೆ" ಎಂಬ ಒಂದು ಸಾಲು, ಅದರ ಬಾಲಕ್ಕೆ 5ರಿಂದ 30ರವರೆಗಿನ ಉಲ್ಲೇಖಗಳ ಗೊಂಚಲು. ಪೀಠಿಕೆ ಬರೆದವರು ಆ ಇಪ್ಪತ್ತಾರು ಪ್ರಬಂಧಗಳನ್ನು ಓದಿದ್ದಾರೆಯೇ? ಹಿಂದಿನವರ ಪಟ್ಟಿಯನ್ನು ಇಳಿಸಿಕೊಂಡಿದ್ದಾರೆ. ಆದರೂ ಎಣಿಕೆ ಯಂತ್ರಕ್ಕೆ ಇಪ್ಪತ್ತಾರು ಉಲ್ಲೇಖಗಳೂ ಸಾಚಾ.

ಆದ್ದರಿಂದ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದದ್ದು ಇಷ್ಟು: ಉಲ್ಲೇಖ ಎಷ್ಟು ಎಂದು ನೋಡಬೇಡಿ, ಉಲ್ಲೇಖಿಸಿದ ಪ್ರಬಂಧವನ್ನು ತೆರೆದು ಅದು ಯಾವ ಸಾಲಿನಲ್ಲಿ ಬಂದಿದೆ ನೋಡಿ. ಪೀಠಿಕೆಯ ಗೊಂಚಲಿನಲ್ಲಿ ಬಂದಿದ್ದರೆ ಅದು ಹಾಜರಿ, ಅಷ್ಟೇ. ಪ್ರಯೋಗ ವಿಭಾಗದಲ್ಲಿ, ಈ ಮಧ್ಯಂತರ ಸಂಯುಕ್ತವನ್ನು ಇಂಥವರ ವಿಧಾನದಿಂದ ತಯಾರಿಸಿದೆವು ಎಂದು ಬಂದಿದ್ದರೆ, ಎಲ್ಲೋ ಒಬ್ಬ ಅಪರಿಚಿತ ವಿದ್ಯಾರ್ಥಿ ಆ ಕ್ರಿಯೆಯನ್ನು ತನ್ನ ಫ್ಲಾಸ್ಕಿನಲ್ಲಿ ಮಾಡಿ ನೋಡಿದ, ಅದು ನಡೆಯಿತು ಎಂದರ್ಥ. ಅಂಥದ್ದೊಂದು ಇದ್ದರೆ ಗೊಂಚಲಿನ ಐವತ್ತನ್ನು ನಾನು ಬಿಟ್ಟುಕೊಡುತ್ತೇನೆ.

ನಿನ್ನ ಇಬ್ಬರು ಗೈಡುಗಳ ಹೆಚ್ಚು ಉಲ್ಲೇಖವಾದ ಮೂರು ಮೂರು ಪ್ರಬಂಧ ತೆಗೆದುಕೋ. ಅವುಗಳನ್ನು ಉಲ್ಲೇಖಿಸಿದ ಹತ್ತು ಹತ್ತು ಪ್ರಬಂಧ ತೆರೆ. ಒಂದು ವಾರದ ಕೆಲಸ. ಐದು ವರ್ಷ ಕಳೆಯುವವಳಿಗೆ ಒಂದು ವಾರ ದೊಡ್ಡದಲ್ಲ.

ಎಂ.ಎಸ್ಸಿ ಕೊನೆಯ ಬೆಂಚು

ಮಾಸ್ತರ, ನಿಂಬೆರಸ ನಮ್ಮ ಇಂಡಿ ತಾಲ್ಲೂಕಿನ ನಿಂಬೆಯದೇ ಆಗಿದ್ದರೆ ನಮ್ಮ ಜಿಲ್ಲೆಗೂ ಒಂದು ಉಲ್ಲೇಖ ಬರಬೇಕಲ್ಲವೇ?

ಮುಧೋಳದಿಂದ ಹೈದರಾಬಾದಿಗೆ

ಔಷಧ ಕಂಪನಿಯೊಂದರ ಪ್ರಕ್ರಿಯಾ ಅಭಿವೃದ್ಧಿ ವಿಭಾಗದಲ್ಲಿದ್ದೇನೆ. ಮಾಸ್ತರರ ಮಾತಿಗೆ ಒಂದು ಕೊಂಡಿ ಸೇರಿಸುತ್ತೇನೆ. ನಾವು ದಿನವೂ ಬೇರೆಯವರ ವಿಧಾನ ಬಳಸುತ್ತೇವೆ, ಆದರೆ ಉಲ್ಲೇಖಿಸುವುದಿಲ್ಲ, ಏಕೆಂದರೆ ನಾವು ಪ್ರಬಂಧವನ್ನೇ ಬರೆಯುವುದಿಲ್ಲ. ಹತ್ತು ಗ್ರಾಂನಿಂದ ನೂರು ಕಿಲೋಗೆ ಏರಿಸಿದಾಗಲೂ ನಿಂತ ವಿಧಾನಕ್ಕೆ ನಮ್ಮಿಂದ ಸಿಗುವ ಉಲ್ಲೇಖ ಸೊನ್ನೆ.

ಪಲ್ಲಾಡಿಯಂ ಬಳಸಿ ಇಂಗಾಲದ ಪರಮಾಣುಗಳನ್ನು ಜೋಡಿಸುವ ಕ್ರಿಯೆ ಕೊಟ್ಟ ರಿಚರ್ಡ್ ಹೆಕ್ ಅವರನ್ನು ನೆನೆಯಿರಿ. ಕಂಪನಿಯಲ್ಲಿದ್ದಾಗ 1968ರಲ್ಲಿ ಪಲ್ಲಾಡಿಯಂ ಬಗ್ಗೆ ಒಂದರ ಹಿಂದೆ ಒಂದರಂತೆ ಏಳು ಪ್ರಬಂಧ, ಅವಕ್ಕೆ ಅವರೊಬ್ಬರೇ ಲೇಖಕರು. ಆಮೇಲೆ ಡೆಲವೇರ್ ವಿಶ್ವವಿದ್ಯಾಲಯ. 1989ರಲ್ಲಿ ನಿವೃತ್ತಿ. ನೊಬೆಲ್ ಬಂದದ್ದು 2010ರಲ್ಲಿ, ನೆಗಿಶಿ ಮತ್ತು ಸುಜುಕಿ ಅವರೊಂದಿಗೆ. ಇಂದು ಎಷ್ಟೋ ಜನ ಹೆಕ್ ಕ್ರಿಯೆ ಮಾಡುತ್ತಾರೆ, ಮೂಲ ಪ್ರಬಂಧವನ್ನು ಉಲ್ಲೇಖಿಸುವವರು ಎಷ್ಟು? ಹೆಸರೇ ಪಠ್ಯಪುಸ್ತಕ ಸೇರಿದ ಮೇಲೆ ಉಲ್ಲೇಖ ಯಾರಿಗೂ ಬೇಡ. ಸುಜುಕಿ ಕ್ರಿಯೆಯ ಮಟ್ಟಿಗೂ ಅಷ್ಟೇ: 1979ರ ಮೂಲ ಪ್ರಬಂಧಕ್ಕಿಂತ 1995ರಲ್ಲಿ ಮಿಯಾವುರ ಮತ್ತು ಸುಜುಕಿ ಬರೆದ ಸಮೀಕ್ಷಾ ಲೇಖನಕ್ಕೆ ಬಂದ ಉಲ್ಲೇಖಗಳೇ ಹೆಚ್ಚು. ಹೀಗಾಗಿ ತಂಗಿ, 38ರವರ ಪಟ್ಟಿಯ ಮೇಲ್ತುದಿಯಲ್ಲಿರುವವು ಸಮೀಕ್ಷೆಗಳೋ ಸ್ವಂತ ಪ್ರಯೋಗಗಳೋ ನೋಡು. ಸಮೀಕ್ಷೆ ಬರೆಯುವುದು ತಪ್ಪಲ್ಲ, ಒಳ್ಳೆಯ ಸಮೀಕ್ಷೆ ದೊಡ್ಡ ಸೇವೆ. ಆದರೆ ಅದರಿಂದ ನಿನಗೆ ಸಂಯುಕ್ತ ಶುದ್ಧ ಮಾಡುವ ಕಾಲಂ ಹಾಕಲು ಬರುವುದಿಲ್ಲ.

ಆರ್ಗ್ಯಾನಿಕ್ ಸಿಂಥೆಸೀಸ್ ಎಂಬ ಪ್ರಕಟಣೆ 1921ರಿಂದ ಬರುತ್ತಿದೆ. ಅಲ್ಲಿ ಒಂದು ವಿಧಾನ ಅಚ್ಚಾಗಬೇಕಾದರೆ ಸಂಪಾದಕ ಮಂಡಳಿಯವರೊಬ್ಬರ ಪ್ರಯೋಗಾಲಯದಲ್ಲಿ ಅದನ್ನು ಮತ್ತೆ ಮಾಡಿ ನೋಡಿರಬೇಕು. ನನ್ನ ಸಂದರ್ಶನಕ್ಕೆ ಬರುವ ಹುಡುಗರಿಗೆ ನಾನು ಎಚ್-ಇಂಡೆಕ್ಸ್ ಕೇಳುವುದಿಲ್ಲ. ಇಳುವರಿ ಕಡಿಮೆ ಬಂದಾಗ ಏನು ಮಾಡಿದಿರಿ ಎಂದು ಕೇಳುತ್ತೇನೆ. ಎಲ್ಲ ಕ್ರಿಯೆಗಳಲ್ಲೂ ಶೇಕಡ 90ರ ಮೇಲೆ ಬಂತು ಎನ್ನುವವರನ್ನು ಚಹಾ ಕೊಟ್ಟು ಕಳುಹಿಸುತ್ತೇನೆ.

ತಿಕೋಟಾ ದ್ರಾಕ್ಷಿ

ನಾನು ರಸಾಯನಶಾಸ್ತ್ರದವನಲ್ಲ, ಬಿ.ಎ ಓದಿ ತೋಟ ಮಾಡಿಕೊಂಡಿದ್ದೇನೆ. ಮಗ ಇದನ್ನು ತೋರಿಸಿದ. ಒಂದು ಮಾತು. ನಾವು ಒಣದ್ರಾಕ್ಷಿ ಮಾಡುವಾಗ ಹಣ್ಣನ್ನು ಮೊದಲು ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದುತ್ತೇವೆ. ಲೀಟರಿಗೆ 25 ಗ್ರಾಂ ಕಾರ್ಬೊನೇಟ್, 15 ಮಿಲಿ ಎಣ್ಣೆ. ಅದ್ದದಿದ್ದರೆ ಒಣಗಲು ಮೂರು ನಾಲ್ಕು ವಾರ, ಅದ್ದಿದರೆ ಎರಡು ವಾರದ ಆಸುಪಾಸು. ವಿಜಯಪುರ ಜಿಲ್ಲೆಯ ಶೆಡ್ಡುಗಳೆಲ್ಲ ಇದರ ಮೇಲೆ ನಿಂತಿವೆ. ಇದನ್ನು ಕಂಡುಹಿಡಿದವರಿಗೆ ಎಷ್ಟು ಉಲ್ಲೇಖ ಬಂದಿರಬಹುದು?

ನಿವೃತ್ತ ಮಾಸ್ತರ

ಗೌಡರೇ, ಒಳ್ಳೆಯ ಪ್ರಶ್ನೆ. ನಿಮ್ಮ ಆ ಎಣ್ಣೆಯಲ್ಲಿರುವುದು ಮುಖ್ಯವಾಗಿ ಈಥೈಲ್ ಓಲಿಯೇಟ್, ಅಂದರೆ ಓಲಿಯಿಕ್ ಆಮ್ಲ ಮತ್ತು ಎಥನಾಲ್ ಸೇರಿ ಆಗುವ ಎಸ್ಟರ್. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ತೆಳು ಪದರ ಇರುತ್ತದೆ, ಅದು ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಈ ದ್ರಾವಣ ಮೇಣದ ಜೋಡಣೆಯನ್ನು ಸಡಿಲಿಸುತ್ತದೆ, ಸಿಪ್ಪೆ ಹರಿಯದೆ ನೀರು ಆವಿಯಾಗುತ್ತದೆ. ಆಸ್ಟ್ರೇಲಿಯಾದವರು ಬಳಕೆಗೆ ತಂದ ತಣ್ಣನೆಯ ಅದ್ದುವಿಕೆ ಇದು. ಉಲ್ಲೇಖಗಳು ಇವೆ, ಆದರೆ ಅವು ಆಹಾರ ತಂತ್ರಜ್ಞಾನದ ಪತ್ರಿಕೆಗಳಲ್ಲಿ. ಸಾವಯವ ಸಂಶ್ಲೇಷಣೆಯ ಪತ್ರಿಕೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ಎಸ್ಟರ್ ಮಾಡುವುದರಲ್ಲಿ ಹೊಸತೇನಿದೆ ಎನ್ನುತ್ತಾರೆ. ನಿಮ್ಮ ಶೆಡ್ಡಿನ ಉಲ್ಲೇಖ ಯಾವ ದತ್ತಸಂಚಯದಲ್ಲೂ ಇಲ್ಲ.

ಲೆಕ್ಕ ಬೇಕೇ ಬೇಕು

ನೀವೆಲ್ಲ ಸೇರಿ ಸಂಖ್ಯೆಯನ್ನು ಖಳನಾಯಕ ಮಾಡುತ್ತಿದ್ದೀರಿ. ಸಂಖ್ಯೆ ಬರುವ ಮೊದಲು ಆಯ್ಕೆ ಹೇಗೆ ನಡೆಯುತ್ತಿತ್ತು ಎಂದು ನಾನು ಬಲ್ಲೆ. ಯಾರ ಊರು, ಯಾರ ಕಡೆಯವರು, ಯಾರ ಚೀಟಿ. ಒಬ್ಬ ಬಡ ಹುಡುಗ ಹುನಗುಂದದಿಂದಲೋ ಸಿಂದಗಿಯಿಂದಲೋ ಬಂದು, ನನ್ನ ಪ್ರಬಂಧ ಇಂಥ ಪತ್ರಿಕೆಯಲ್ಲಿದೆ, ಇಷ್ಟು ಅಂಕ ಕೊಡಿ ಎಂದು ಕೇಳಲು ಆದದ್ದು ಈ ಲೆಕ್ಕದಿಂದ. ಪ್ರಯೋಗ ವಿಭಾಗದ ಸಾಲು ಓದಿ ತೂಗುತ್ತೇವೆ ಎಂದು ಹೇಳುವ ಸಮಿತಿ ಕೊನೆಗೆ ತಮಗೆ ಬೇಕಾದವರನ್ನೇ ತೂಗುತ್ತದೆ. ಕನಿಷ್ಠಪಕ್ಷ ಸಂಖ್ಯೆಗೆ ಜಾತಿ ಇಲ್ಲ.

ನಿವೃತ್ತ ಮಾಸ್ತರ

ಈ ಮಾತಿಗೆ ನನ್ನ ಬಳಿ ಎದುರು ಉತ್ತರ ಇಲ್ಲ. ನಾನೂ ಅಂಥ ಸಮಿತಿಗಳ ಮುಂದೆ ಕುಳಿತು ಬಂದವನೇ.

ಗ್ರಂಥಪಾಲಕಿ, ಬೆಳಗಾವಿ

ಸರ್, ನಿಮ್ಮ ಮಾತು ಪೂರ್ತಿ ನಿಜ. ಆದರೆ ಅದೇ ಸಂಖ್ಯೆ ಈಗ ಅಂಗಡಿಯಲ್ಲಿ ಸಿಗುತ್ತದೆ. ಹಿಂದಾವಿ ಪ್ರಕಾಶನದ ಪತ್ರಿಕೆಗಳಿಂದ 2023ರ ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆದುಕೊಂಡರು. ಅವುಗಳಲ್ಲಿ ಎಷ್ಟೋ ಪ್ರಬಂಧ ತಯಾರಿಕೆಯ ದಂಧೆಯವರ ಸರಕು. ಹಣ ಕೊಡಲು ಆಗುವವರಿಗೇ ಅಂಕ ಎಂದಾದರೆ ಸಿಂದಗಿಯ ಆ ಹುಡುಗ ಮತ್ತೆ ಹೊರಗೆ ನಿಲ್ಲುತ್ತಾನೆ. ಯುಜಿಸಿ 2018ರಲ್ಲಿ ಮಾನ್ಯ ಪತ್ರಿಕೆಗಳ ಕೇರ್ ಪಟ್ಟಿ ತಂದದ್ದು ಇಂಥ ಪತ್ರಿಕೆಗಳನ್ನು ತಡೆಯಲು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟಿತು. ಈಗ ಯಾವುದು ಒಳ್ಳೆಯ ಪತ್ರಿಕೆ ಎಂದು ಸಂಸ್ಥೆಗಳೇ ತೀರ್ಮಾನಿಸಬೇಕು.

ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಹೇಳಿದಿರಿ. ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಅದು, ಬರಿಯ ಸರಾಸರಿ. ಸ್ಫಟಿಕಗಳ ರಚನೆ ಬಿಡಿಸುವ ಶೆಲ್ಎಕ್ಸ್ ತಂತ್ರಾಂಶದ ಬಗ್ಗೆ ಜಾರ್ಜ್ ಶೆಲ್ಡ್ರಿಕ್ 2008ರಲ್ಲಿ ಒಂದು ಪ್ರಬಂಧ ಬರೆದರು. ಆ ತಂತ್ರಾಂಶ ಬಳಸಿದವರೆಲ್ಲ ಅದನ್ನು ಉಲ್ಲೇಖಿಸಿದರು, ನಮ್ಮ ಸಾವಯವದವರೂ ಸೇರಿ. 2ರ ಆಸುಪಾಸಿನಲ್ಲಿದ್ದ ಆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2009ಕ್ಕೆ 50ರ ಹತ್ತಿರ ಹೋಯಿತು. ಅದೇ ಪತ್ರಿಕೆಯಲ್ಲಿ ಪಕ್ಕದ ಪುಟದಲ್ಲಿ ಬರೆದವರು ಒಂದೇ ರಾತ್ರಿಯಲ್ಲಿ ಮಹಾವಿಜ್ಞಾನಿಗಳಾದರೇ?

ಎಂ.ಎಸ್ಸಿ ಕೊನೆಯ ಬೆಂಚು

ಜಗತ್ತಿನ ಮೇಲಿನ ಶೇಕಡ 2 ವಿಜ್ಞಾನಿಗಳ ಪಟ್ಟಿ ಎನ್ನುತ್ತಾರಲ್ಲ, ಅದರ ಬಗ್ಗೆಯೂ ಹೇಳಿ ಮೇಡಂ. ನಮ್ಮ ಊರಿನ ವೃತ್ತದಲ್ಲಿ "ಸ್ಟ್ಯಾನ್‌ಫರ್ಡ್ ಪ್ರಶಸ್ತಿ ಪುರಸ್ಕೃತರಿಗೆ ಹಾರ್ದಿಕ ಅಭಿನಂದನೆಗಳು" ಎಂದು ಕಟ್ಟಿದ್ದಾರೆ.

ಗ್ರಂಥಪಾಲಕಿ, ಬೆಳಗಾವಿ

ಅದು ಪ್ರಶಸ್ತಿ ಅಲ್ಲ. ಸ್ಟ್ಯಾನ್‌ಫರ್ಡಿನ ಜಾನ್ ಅಯೊನಿಡಿಸ್ ಮತ್ತು ಜೊತೆಗಾರರು ಸ್ಕೋಪಸ್ ದತ್ತಾಂಶದಿಂದ ಮಾಡುವ ಪಟ್ಟಿ. ಅದರಲ್ಲಿ ಎರಡು ಬಗೆ: ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಫ್ಲೆಕ್ಸಿನಲ್ಲಿ ಯಾವುದು ಎಂದು ಬರೆಯುವುದೇ ಇಲ್ಲ. ಸ್ವಂತ ಉಲ್ಲೇಖ ಸೇರಿಸಿದ, ಬಿಟ್ಟ ಎರಡೂ ಅಂಕಣಗಳು ಅಲ್ಲಿವೆ. ಪಟ್ಟಿ ಮಾಡಿದವರು ಎಚ್ಚರಿಕೆಯಿಂದಲೇ ಮಾಡಿದ್ದಾರೆ, ಫ್ಲೆಕ್ಸ್ ಕಟ್ಟುವವರು ಅದನ್ನು ಓದಿಲ್ಲ.

ಕಾಲಂ ಕಾಯುವವನು

ಬಾಗಲಕೋಟೆ ಕಡೆಯವನು, ಪಿಎಚ್.ಡಿಯ ನಾಲ್ಕನೇ ವರ್ಷ. ದೊಡ್ಡ ಸಂಖ್ಯೆಯ ಗೈಡ್ ಹತ್ತಿರವೇ ಇದ್ದೇನೆ. ಅವರ ಪರವಾಗಿಯೂ ಒಂದು ಮಾತು ಬರಲಿ. ನಮ್ಮಲ್ಲಿ ದ್ರಾವಕ ಆವಿಯಾಗಿಸುವ ರೋಟರಿ ಇವ್ಯಾಪೊರೇಟರ್ ಎರಡು ಇವೆ, ಸಿಲಿಕಾ ಜೆಲ್ ಮುಗಿಯುವ ಮೊದಲೇ ಹೊಸ ಡಬ್ಬ ಬರುತ್ತದೆ, ಅಣುವಿನ ರಚನೆ ತಿಳಿಸುವ ಎನ್‌ಎಂಆರ್‌ಗೆ ಮಾದರಿ ಹೊರಗೆ ಕಳುಹಿಸಿದರೆ ಬಿಲ್ ನನ್ನ ಕೈಯಿಂದ ಹೋಗುವುದಿಲ್ಲ. ಇದೆಲ್ಲ ಯೋಜನೆಯ ಹಣ, ಯೋಜನೆ ಬರುವುದು ಸಂಖ್ಯೆ ನೋಡಿ. ನನ್ನ ಗೆಳೆಯನೊಬ್ಬ ಬಹಳ ಒಳ್ಳೆಯ ಗೈಡ್ ಹತ್ತಿರ ಇದ್ದಾನೆ. ಈಥೈಲ್ ಅಸಿಟೇಟ್ ಉಳಿಸಲು ಒಂದೇ ದ್ರಾವಕವನ್ನು ಬಟ್ಟಿ ಇಳಿಸಿ ಮತ್ತೆ ಮತ್ತೆ ಬಳಸುತ್ತಾನೆ. ಕೈ ಪಳಗಿದೆ, ಆದರೆ ವಯಸ್ಸೂ ಹೋಗುತ್ತಿದೆ.

ಇನ್ನು ಮಾಸ್ತರರು ಹೇಳಿದ ಗೊಂಚಲು ನಮ್ಮಲ್ಲಿಯೂ ಇದೆ, ಬಚ್ಚಿಡುವುದಿಲ್ಲ. ಒಂದು ಉಂಗುರ, ಅದರ ಮೇಲೆ ಮೆಥಾಕ್ಸಿ, ಕ್ಲೋರೋ, ಫ್ಲೂರೋ, ನೈಟ್ರೋ ಎಂದು ಬದಲಿಸಿ ಹತ್ತು ಹನ್ನೆರಡು ಸಂಯುಕ್ತ, ಅಗರ್ ತಟ್ಟೆಯಲ್ಲಿ ಎರಡು ಬ್ಯಾಕ್ಟೀರಿಯಾ, ಅಣು ಪ್ರೋಟೀನಿಗೆ ಹೇಗೆ ಅಂಟಬಹುದು ಎಂದು ಕಂಪ್ಯೂಟರಿನಲ್ಲಿ ಊಹಿಸುವ ಡಾಕಿಂಗ್ ಚಿತ್ರ. ಆಯಿತು ಪ್ರಬಂಧ. ಇವುಗಳಲ್ಲಿ ಒಂದೂ ಔಷಧವಾಗುವುದಿಲ್ಲ ಎಂದು ನಮಗೂ ಗೊತ್ತು. ಆದರೆ ನಾನು ಸಂಯುಕ್ತವನ್ನು ಶುದ್ಧ ಮಾಡಲು, ಸ್ಪೆಕ್ಟ್ರಮ್ ಓದಲು ಕಲಿತದ್ದು ಅದರಿಂದಲೇ.

ಮುಧೋಳದಿಂದ ಹೈದರಾಬಾದಿಗೆ

ಪ್ರಾಮಾಣಿಕ ಮಾತು ತಮ್ಮಾ. ಪಿಎಚ್.ಡಿ ಮುಗಿದ ಮೇಲೆ ಸಂಪರ್ಕಿಸು.

ಜಮಖಂಡಿಯ ಹುಡುಗಿ

ಮಾಸ್ತರರು ಹೇಳಿದ ಹಾಗೆ ಕುಳಿತು ನೋಡಿದೆ. ಗ್ರಂಥಪಾಲಕಿ ಅಕ್ಕ ಹೇಳಿದ್ದು ಅಕ್ಷರಶಃ ನಿಜವಾಯಿತು: 210ರಲ್ಲಿ ಎಲುಬಿನ ಶಸ್ತ್ರಚಿಕಿತ್ಸೆಯ ಪ್ರಬಂಧಗಳು, ಕಬ್ಬಿನ ರೋಗದ ಒಂದು ಪ್ರಬಂಧ ಸಿಕ್ಕವು. ಅವನ್ನು ಬಿಟ್ಟು ಲೆಕ್ಕ ಹಾಕಿದರೆ ಎಚ್ 31ರ ಹತ್ತಿರ ನಿಲ್ಲುತ್ತದೆ. ಮೇಲಿನ ಮೂರು ಪ್ರಬಂಧಗಳಲ್ಲಿ ಎರಡು ಸಮೀಕ್ಷೆಗಳು. ಮೂರನೆಯದನ್ನು ಉಲ್ಲೇಖಿಸಿದ ಹತ್ತರಲ್ಲಿ ಹತ್ತೂ ಪೀಠಿಕೆಯ ಗೊಂಚಲೇ.

13ರವರ ಪ್ರಬಂಧವೊಂದಕ್ಕೆ ಇರುವುದು 41 ಉಲ್ಲೇಖ. ನಾನು ತೆರೆದ ಹತ್ತರಲ್ಲಿ ನಾಲ್ಕು ಪ್ರಯೋಗ ವಿಭಾಗದಲ್ಲಿವೆ, ಅದರಲ್ಲಿ ಒಂದು ಜಪಾನಿನದು. ಇಬ್ಬರ ವಿದ್ಯಾರ್ಥಿಗಳ ಮಹಾಪ್ರಬಂಧಗಳನ್ನೂ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಿಂದ ಇಳಿಸಿಕೊಂಡೆ. 13ರವರ ವಿದ್ಯಾರ್ಥಿನಿಯೊಬ್ಬರು ನಡೆಯದ ಕ್ರಿಯೆಗಳಿಗೇ ಒಂದು ಅಧ್ಯಾಯ ಇಟ್ಟಿದ್ದಾರೆ. ಆದರೆ ಅವರ ವಿದ್ಯಾರ್ಥಿಗಳು ಮುಗಿಸಲು ತೆಗೆದುಕೊಂಡ ಕಾಲ ನೋಡಿ ಎದೆ ಝಲ್ಲೆಂದಿತು. ಒಬ್ಬರಿಗಂತೂ ಏಳು ವರ್ಷ. ನನಗೆ ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಮಾಸಿಕ ಶಿಷ್ಯವೇತನ) ಇಲ್ಲ, ಮನೆಯಲ್ಲಿ ತಮ್ಮ ಓದುತ್ತಿದ್ದಾನೆ.

ಲೆಕ್ಕ ಬೇಕೇ ಬೇಕು

ಏಳು ವರ್ಷ ಎಂಬ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಮ್ಮ. ಅದಕ್ಕೆ ಗೊಂಚಲು ಗಿಂಚಲು ಏನೂ ಇಲ್ಲ.

ನಿವೃತ್ತ ಮಾಸ್ತರ

ಸಾಹೇಬರ ಈ ಮಾತು ಸರಿ ಮಗಳೇ. ನಾನಾಗಿದ್ದರೆ 13ರವರ ಬಳಿಗೇ ಹೋಗುತ್ತಿದ್ದೆ, ಆದರೆ ನನಗೆ ಆಗ ಮನೆಯ ಭಾರ ಇರಲಿಲ್ಲ. ಮೊದಲು ಜೆಆರ್‌ಎಫ್‌ಗೆ ಇನ್ನೊಮ್ಮೆ ಕುಳಿತುಕೋ. ತಿಂಗಳಿಗೆ 37,000 ರೂಪಾಯಿ ಬಂದರೆ ಯಾವ ಗೈಡ್ ಹತ್ತಿರ ಹೋದರೂ ನಿನ್ನ ಮಾತಿಗೆ ಬೆಲೆ ಇರುತ್ತದೆ. ಏಳು ವರ್ಷ ಹಿಡಿದವರಿಗೆ ತಡವಾದದ್ದು ಗೈಡಿನಿಂದಲೋ, ಎನ್‌ಎಂಆರ್ ವರದಿಗೆ ಕಾದದ್ದರಿಂದಲೋ, ನಡುವೆ ನೌಕರಿ ಹಿಡಿದದ್ದರಿಂದಲೋ ಎಂದು ಅವರನ್ನೇ ಕೇಳು. ಮಹಾಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಬಹಳಷ್ಟು ಸಲ ಅದರ ಸುಳಿವು ಇರುತ್ತದೆ.

ಕಾಲಂ ಕಾಯುವವನು

ಇಬ್ಬರನ್ನೂ ಭೇಟಿಯಾದಾಗ ಎನ್‌ಎಂಆರ್ ಬಿಲ್ ಯಾರು ಕೊಡುತ್ತಾರೆ, ಪ್ರಬಂಧದಲ್ಲಿ ಮೊದಲ ಹೆಸರು ಯಾರದು ಎಂಬ ಎರಡು ಪ್ರಶ್ನೆ ತಪ್ಪದೆ ಕೇಳಿ ಅಕ್ಕಾ. ಗೈಡ್ ಎದುರಿಗೆ ಕೇಳಲು ಸಂಕೋಚವಾದರೆ ಲ್ಯಾಬಿನ ಹುಡುಗರನ್ನು ಕೇಳಿ, ಮಧ್ಯಾಹ್ನ ಊಟದ ಹೊತ್ತಿಗೆ ಹೋದರೆ ಎಲ್ಲರೂ ಸಿಗುತ್ತಾರೆ.

ಜಮಖಂಡಿಯ ಹುಡುಗಿ

13ರವರು ಸೋಮವಾರ ಬರಲು ಹೇಳಿದ್ದಾರೆ, ಇನ್ನೊಬ್ಬರಿಗೆ ಮೇಲ್ ಹಾಕಿದ್ದೇನೆ. ಜೆಆರ್‌ಎಫ್ ಅರ್ಜಿಯನ್ನೂ ತುಂಬುತ್ತೇನೆ. ಗ್ರಂಥಪಾಲಕಿ ಅಕ್ಕ, ಆ ಜಪಾನಿನ ಪ್ರಬಂಧದ ಪೂರ್ಣ ಪಾಠ ನನಗೆ ತೆರೆಯುತ್ತಿಲ್ಲ, ನಿಮ್ಮ ಕಡೆಯಿಂದ ಸಿಗಬಹುದೇ?

ಗ್ರಂಥಪಾಲಕಿ, ಬೆಳಗಾವಿ

ಪ್ರಬಂಧದ ಗುರುತಾದ ಡಿಒಐ ಸಂಖ್ಯೆ ಕಳುಹಿಸು. ನಮ್ಮಲ್ಲಿ ಇಲ್ಲದಿದ್ದರೆ ಲೇಖಕರಿಗೇ ನೇರವಾಗಿ ಬರೆ, ಸಾಮಾನ್ಯವಾಗಿ ಕಳುಹಿಸಿಕೊಡುತ್ತಾರೆ.